ಎಡೆಯ ಲೋಟ

ಬಾಗಿಲು ಮುಚ್ಚುವ ಮುನ್ನ ಎಡೆಯ ಮುಂದೆ ಕೊನೆಗೆ ಉಳಿಯುವವಳು ಮನೆಯ ಸೊಸೆ. ಬತ್ತಿ ಏರಿಸಿ, ಎಡೆಗೆ ನೀರು ಸುತ್ತಿ, ಹಿಂದಿರುಗಿ ನೋಡದೆ ಹೊರಗೆ ಬರಬೇಕು. ಆಮೇಲೆ ಸತ್ತವರು ಬಂದು ಉಣ್ಣುತ್ತಾರೆ. ರಾಧಾಮಣಿ ಬೆಳಗಿನಿಂದ ಆ ಗಳಿಗೆಗಾಗಿಯೇ ಕಾದಿದ್ದಳು.

ಗೋಡೆಗೆ ಒರಗಿಸಿದ ಫೋಟೋದಲ್ಲಿ ಗಂಡ ಅಂಬರೀಶ ನಗುತ್ತಿದ್ದ. ಹೊಟ್ಟೆ ಗುಡಾಣವಾಗಿ, ಕಣ್ಣು ಅರಿಸಿನವಾಗಿ, ರಕ್ತ ಕಾರಿಕೊಂಡು ಸತ್ತವನಿಗೆ ಇದು ಮೊದಲ ಹಿರಿಯರ ಹಬ್ಬ. ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಒಂದು ಕಟ್ಟು ಬೀಡಿ. ಪಕ್ಕದ ಸ್ಟೀಲ್ ಲೋಟದಲ್ಲಿ ಅವನನ್ನು ಕೊಂದ ಬ್ರಾಂದಿ.

ಬಾಗಿಲು ತೆರೆದ ಮೇಲೆ ಆ ಲೋಟ ಮೊದಲು ಹೋಗುವುದು ಸತ್ತವನ ಮಗುವಿನ ತುಟಿಗೆ. ಅದಕ್ಕೆ ಇವರು ತೀರ್ಥ ಎನ್ನುತ್ತಾರೆ. ಮಗಳು ಲಾಸ್ಯಳಿಗೆ ಐದು ವರ್ಷ.

ಹಿಂದಿನ ದಿನ ರಾಧಾಮಣಿ ಅತ್ತೆಯ ಕಾಲು ಹಿಡಿದಿದ್ದಳು. "ಮಗೀಗೆ ಮಾತ್ರ ಬ್ಯಾಡ ಅತ್ತೆ, ಕೈ ಮುಗೀತೀನಿ."

"ಒಂದು ತೊಟ್ಟು ಕಣಮ್ಮ!" ಎಂದಿದ್ದಳು ಸಿದ್ದಗಂಗಮ್ಮ. "ತೊಟ್ಟಿಗೇ ಕೆಟ್ಟೋಗಂಗಿದ್ರೆ ಈ ಊರೇ ಕೆಟ್ಟೋಗ್ಬೇಕಿತ್ತು."

ಕೆಟ್ಟಿಲ್ಲವೆ? ನಿಡುಗಲ್ಲಿನ ಬೆಟ್ಟದ ಕೆಳಗಿನ ಈ ಕೇರಿಗೆ ಕುಡಿಯುವ ನೀರು ಬರಬೇಕಾದರೆ ಅರ್ಜಿ ಹಿಡಿದು ಅಲೆಯಬೇಕು. ಬ್ರಾಂದಿಯ ಪ್ಯಾಕೆಟ್ಟಿಗೆ ಅರ್ಜಿ ಬೇಡ, ಅಲೆದಾಟ ಬೇಡ. ಅದು ಪೆಟ್ಟಿಗೆ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬದ ಹಿಂದೆ ಹೊತ್ತು ಹುಟ್ಟುವ ಮೊದಲೇ ಎದ್ದು ಕೂತಿರುತ್ತದೆ. ಹೀಗೆ ಕೂರಿಸಿದವರು ತಮ್ಮ ಮಕ್ಕಳಿಗೆ ಹಾಲು ಕುಡಿಸುತ್ತಾರೆ.

ಅವಳು ಸೋಲಾರ್ ಪಾರ್ಕಿಗೆ ಕೂಲಿಗೆ ಹೋಗುವುದನ್ನೇ ಹಿಡಿದು ಮೈದುನ ನರಸಿಂಹರಾಜು ನಕ್ಕಿದ್ದ. "ಸೋಲಾರ್ ಪ್ಯಾನೆಲ್ ತೊಳ್ದು ತೊಳ್ದು ಅತ್ಗೆ ಈಗ ನಮ್ಮನ್ನೂ ತೊಳಿಯಾಕ್ ಬಂದವ್ಳೆ! ಮನೇಲೇ ರುಚಿ ತೋರ್ಸ್ಬುಟ್ರೆ ಆಸೆ ಅಲ್ಲಿಗೇ ತೀರೋಯ್ತದೆ ಕಣತ್ಗೆ. ನಮ್ಮಪ್ಪ ನಮ್ಮಿಬ್ರಿಗೂ ಇಂಗೇ ತೋರ್ಸಿದ್ದು."

ಅದನ್ನು ಹೇಳುವಾಗಲೂ ಅವನ ಬಾಯಿ ನಾರುತ್ತಿತ್ತು.

ರಾಧಾಮಣಿ ಈಗ ಲೋಟವನ್ನು ಎತ್ತಿಕೊಂಡು ಬಚ್ಚಲಿಗೆ ಸುರಿದಳು. ಒಲೆಯ ಮೂಲೆಯಲ್ಲಿ ಮರೆಮಾಡಿಟ್ಟಿದ್ದ ಆರಿದ ಟೀ ಡಿಕಾಕ್ಷನ್ನನ್ನು ಅದೇ ಲೋಟಕ್ಕೆ ತುಂಬಿ ಎಡೆಯ ಮುಂದಿಟ್ಟಳು. ಬಣ್ಣ ಒಂದೇ.

"ನಿನ್ ಪಾಲು ನೀನು ಕುಡ್ದಾಯ್ತು," ಎಂದು ಫೋಟೋಗೆ ಹೇಳಿ ಬಾಗಿಲು ಎಳೆದುಕೊಂಡಳು.

ಹೊರಗೆ ಜಗಲಿಯ ಮೇಲೆ ಎಲ್ಲರೂ ಕಾದು ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನರಸಿಂಹರಾಜು ಬಾಗಿಲು ಬಡಿದು, "ಅಣ್ಣಯ್ಯಾ, ಉಂಡೇನಪ್ಪಾ?" ಎಂದು ಕೂಗಿದ. ದನಿ ನಿಜವಾಗಿಯೇ ಒಡೆದಿತ್ತು. ಎಲ್ಲರೂ ಒಳಗೆ ಹೋದರು. ಸಿದ್ದಗಂಗಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಲೋಟವನ್ನು ತುಟಿಗೆ ಹಿಡಿದಳು.

ಲಾಸ್ಯ ಚಪ್ಪರಿಸಿದಳು. ಮುಖ ಕಿವುಚಿದಳು.

"ಅಜ್ಜೀ, ಇದು ಅದಲ್ಲ."

"ಯಾವ್ದಲ್ವೇ?"

"ನೀನು ಕೊಡ್ತೀಯಲ್ಲ, ಮುಚ್ಚಳದಾಗೆ. ಅದು ಗಂಟ್ಲಾಗೆ ಉರೀತದೆ. ಇದು ಟೀ."

ರಾಧಾಮಣಿ ಅತ್ತೆಯ ಕಡೆ ತಿರುಗಿದಳು. "ಏನತ್ತೆ ಇದು? ಏನ್ ಕೊಡ್ತೀರ ಮಗೀಗೆ?"

"ನೆಗಡಿ ಆದಾಗ ಒಂದು ಮುಚ್ಚಳ ಬ್ರಾಂದಿ, ಬಿಸ್ನೀರಿಗೆ. ಅಳೋವಾಗ ಒಂದೀಟು. ಅದ್ಕೇನೀಗ?" ಸಿದ್ದಗಂಗಮ್ಮನ ದನಿಯಲ್ಲಿ ಅಂಜಿಕೆಯೇ ಇರಲಿಲ್ಲ. "ನೀನು ಹೊತ್ತುಟ್ಟೋ ಮುಂಚೆ ಕೆಲ್ಸಕ್ಕೆ ಓಡ್ತೀಯ. ಇದನ್ನ ಹಿಡ್ಯೋರ್ಯಾರು? ಅಂಬರೀಸನ್ನೂ ನಾನು ಇಂಗೇ ಸಾಕಿದ್ದು."

ಹೀಗೇ ಸಾಕಿದ್ದು! ಮಧ್ಯಾಹ್ನ ಕೆಲಸದಿಂದ ಬಂದಾಗಲೆಲ್ಲ ಮಗಳು ಚಾಪೆಯ ಮೇಲೆ ಕೆನ್ನೆ ಕೆಂಪಗಾಗಿ ಮಲಗಿರುತ್ತಿದ್ದಳು. ಎಷ್ಟು ಜಾಣೆ, ಹಟವಿಲ್ಲ, ರಗಳೆಯಿಲ್ಲ ಎಂದು ಜೊತೆಯವರ ಮುಂದೆ ರಾಧಾಮಣಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಯಾರನ್ನು ಕೇಳಲಿ? ಎಲ್ಲಿಗೆ ಎತ್ತಿಕೊಂಡು ಓಡಲಿ? ನಾಳೆ ಬೆಳಿಗ್ಗೆ ಮಗುವನ್ನು ಯಾರ ಕೈಗೆ ಕೊಟ್ಟು ಕೆಲಸಕ್ಕೆ ಹೋಗಲಿ?

ನರಸಿಂಹರಾಜು ತೊಡೆ ತಟ್ಟಿ ನಕ್ಕ. "ಅಪ್ಪನ್ ಮಗಳು ಅಂದ್ರೆ ಇವ್ಳು ಕಣವ್ವೋ! ಒಂದೇ ಗುಟುಕ್ಗೆ ಕಂಡಿಡಿದ್ಬುಟ್ಲು!" ಮರುಕ್ಷಣ ಮುಖ ಗಂಟಿಕ್ಕಿಕೊಂಡ. "ಅಣ್ಣನ ಎಡೇಗೇ ಮೋಸ ಮಾಡಿದ್ಯಲ್ಲ ಅತ್ಗೆ. ಉಪಾಸ ಕಳಿಸ್ಬುಟ್ಟೆ ಅವನ್ನ."

ಜೇಬಿನಿಂದ ಪ್ಯಾಕೆಟ್ ತೆಗೆದು ಹಲ್ಲಿನಿಂದ ಮೂಲೆ ಹರಿದ. "ಬಾರೇ ಲಾಸಿ, ನಿಮ್ಮಪ್ಪಂದು ಇಲ್ಲೈತೆ."

ಮಗು ಬಾಯಿ ತೆರೆಯಿತು.

ರಾಧಾಮಣಿ ಮುನ್ನುಗ್ಗಿ ಅಂಗೈಯಿಂದ ಆ ಪುಟ್ಟ ಬಾಯಿಯನ್ನು ಒತ್ತಿ ಮುಚ್ಚಿದಳು. "ಬ್ಯಾಡ! ಬ್ಯಾಡ ಕಣಪ್ಪೋ, ಇದೊಂದನ್ನ ಬುಟ್ಬುಡು!" ನರಸಿಂಹರಾಜುವಿನ ಕೈ ನಿಲ್ಲಲಿಲ್ಲ. ಬ್ರಾಂದಿ ಅವಳ ಕೈಮೇಲೆ ಸುರಿದು, ಬೆರಳ ಸಂದಿಯಿಂದ ಒಳಗಿಳಿಯತೊಡಗಿತು. ಅವಳು ಇನ್ನೂ ಬಲವಾಗಿ ಒತ್ತಿ ಹಿಡಿದಳು.

ಅಂಗೈಯ ಕೆಳಗೆ ಬೆಚ್ಚಗೆ, ಒದ್ದೆಯಾಗಿ ಏನೋ ಆಡಿತು. ಮಗಳು ಅವಳ ಬೆರಳುಗಳನ್ನು ನೆಕ್ಕುತ್ತಿದ್ದಳು.