ಹದಿನಾಲ್ಕು ಕಾರ್ಡಿನ ಸರ್ವರ್ ಬೀ

ಬೆಂಗಳೂರಿನಿಂದ ಬಂದ ಫ್ಯಾಕ್ಸಿನಲ್ಲಿ ‘ಗ್ಯಾಂಗ್’ ಎಂಬ ಪದ ಮೂರು ಕಡೆ ಇತ್ತು. ಜೊತೆಗಿದ್ದ ಫೋಟೋದಲ್ಲಿ ಇದ್ದವಳು ಮಾತ್ರ ಒಬ್ಬಳೇ. ಬುರ್ಖಾದ ಮುಸುಕನ್ನು ಹಣೆಯ ಮೇಲಕ್ಕೆ ಎತ್ತಿಕೊಂಡು, ಅಕ್ಕಿ ಆರಿಸುವವಳಷ್ಟು ನಿಶ್ಚಿಂತೆಯಿಂದ, ಭದ್ರಾವತಿಯ ಎಟಿಎಂ ಮುಂದೆ ನಿಂತಿದ್ದಳು.

ನರಸಿಂಹಮೂರ್ತಿಗಳು ಆ ಫೋಟೋವನ್ನು ಶಿವಮೊಗ್ಗದಿಂದ ಭದ್ರಾವತಿಯವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು. ಬ್ಯಾಂಕಿನ ತನಿಖಾ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ಅವರಿಗೆ ಸಾಚಾ ಮುಖಗಳ ಮೇಲೆ ವಿಶೇಷ ಗುಮಾನಿ. ಅವರು ಕಂಡ ಕಳ್ಳರೆಲ್ಲ ನೋಡಲು ದೇವರಂಥವರೇ ಆಗಿದ್ದರು.

ಸಂಗತಿ ಇಷ್ಟು. ಎರಡು ಸಾವಿರದ ಆರನೇ ಇಸವಿಯ ಜನವರಿಯಿಂದ ಮೇವರೆಗೆ, ಪ್ರತಿ ತಿಂಗಳು ಒಂದನೇ ತಾರೀಖು, ಇದೇ ಹೆಂಗಸು ಇದೇ ಮಿಷನ್ನಿನಲ್ಲಿ ಹದಿನಾಲ್ಕು ಜನರ ಕಾರ್ಡು ಹಾಕಿ ದುಡ್ಡು ತೆಗೆದಿದ್ದಳು. ಎಲ್ಲವೂ ಕಾರ್ಖಾನೆಯಿಂದ ನಿವೃತ್ತರಾದವರ ಪಿಂಚಣಿ. ಬೆಂಗಳೂರಿನ ಕಂಪ್ಯೂಟರಿಗೆ ಐದು ತಿಂಗಳ ಮೇಲೆ ಎಚ್ಚರವಾಗಿ, ಹದಿನಾಲ್ಕೂ ಖಾತೆಗಳನ್ನು ತಡೆಹಿಡಿದಿತ್ತು. ಜೂನ್ ಒಂದರಂದು ಯಾವ ಕಾರ್ಡಿಗೂ ಮಿಷನ್ನು ಒಂದು ರೂಪಾಯಿ ಬಿಚ್ಚಲಿಲ್ಲ. ಇವತ್ತು ಎರಡು. ಸಂಜೆ ನಾಲ್ಕರೊಳಗೆ ನರಸಿಂಹಮೂರ್ತಿಗಳ ವರದಿ ಹೋಗಬೇಕು. ‘ವಂಚನೆ’ ಎಂದು ಬರೆದರೆ ಪೊಲೀಸ್ ದೂರು. ಕೇಸು ಮುಗಿಯುವ ತನಕ ಹದಿನಾಲ್ಕು ಮನೆಗೂ ಪಿಂಚಣಿಯಿಲ್ಲ, ಆ ಹೆಂಗಸಿಗೆ ಠಾಣೆ.

“ಈಕೆಯನ್ನ ಹುಡುಕಿಸ್ಬೇಕಲ್ರೀ,” ಎಂದು ಬ್ರಾಂಚ್ ಮ್ಯಾನೇಜರ್ ಮುಂದೆ ಫೋಟೋ ಇಟ್ಟರು.

“ಹುಡುಕೋದೇನು ಸಾರ್, ಬಾಗಿಲು ತೆಗೆಯೋಕೆ ಮುಂಚೆಯಿಂದ ಇಲ್ಲೇ ಕೂತಿದಾಳೆ. ಗ್ಯಾಂಗನ್ನೂ ಕರ್ಕೊಂಡು ಬಂದಿದಾಳೆ.”

ಹೊರಗೆ ಬೆಂಚಿನ ಮೇಲೆ, ನೆಲದ ಮೇಲೆ, ಕಂಬಕ್ಕೊರಗಿ ಗ್ಯಾಂಗು ಕೂತಿತ್ತು. ಹದಿನಾಲ್ಕು ಮಂದಿ ಖಾತೆದಾರರು, ಕೆಲವರ ಹೆಂಡಂದಿರು, ಒಟ್ಟು ಎಂಟೋ ಒಂಬತ್ತೋ ಹಲ್ಲಿನ ಸೆಟ್ಟು. ಉಬ್ಬಸದ ಹೂವಪ್ಪನನ್ನು ಕುರ್ಚಿ ಸಮೇತ ಆಟೋದಿಂದ ಇಳಿಸಿದ್ದರು. ನಡುವೆ ಬಳೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಸರ್ವರ್ ಬೀ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷದಿಂದ ಮನೆಮನೆಗೆ ಹೋಗಿ ಬಳೆ ತೊಡಿಸುವವಳು.

“ನಿನಗ್ಯಾಕಮ್ಮ ಬೇಕಿತ್ತು ಇದು?” ಎಂದರು ನರಸಿಂಹಮೂರ್ತಿಗಳು.

“ನಂಗಲ್ಲ ಸಾಬ್, ಇವರಿಗೆ ಬೇಕಿತ್ತು. ಕೌಂಟರಲ್ಲಿ ರಶ್ಶು, ಕಾರ್ಡ್ ಹಾಕಿ ಅಂತ ನಿಮ್ಮೋರೇ ಬೋರ್ಡ್ ಹಾಕಿದ್ರು. ಇವರು ಹೋದ್ರು. ಬಂಗಾರಪ್ಪಣ್ಣ ಕನ್ನಡಕ ಹುಡುಕ್ತಾ ನಿಂತಿದ್ದಾಗ ಆ ಮಿಷನ್ನು ಕಾರ್ಡನ್ನೇ ನುಂಗ್ಬಿಡ್ತು, ವಾಪಸ್ ಇಸ್ಕೊಳ್ಳೋಕೆ ಹದಿನೈದು ದಿನ ಅಲೆದ್ರು. ಆಮೇಲೆ ಯಾರಿಗೂ ಆ ಗಾಜಿನ ಬಾಗಿಲು ದಾಟೋ ಧೈರ್ಯ ಬರ್ಲಿಲ್ಲ.”

“ಇಪ್ಪತ್ತೈದು ವರ್ಷ ಕುಲುಮೆ ಮುಂದೆ ನಿಂತೋನು ನಾನು,” ಎಂದ ಬಂಗಾರಪ್ಪ ಹಿಂದಿನಿಂದ. “ಅದು ಹೇಳ್ದಂಗೆ ಕೇಳೋದು. ಇದು ಕೇಳಲ್ಲ.”

“ಹದಿನಾಲ್ಕು ಪಿನ್ ನಂಬರ್ ಎಲ್ಲಿ ಬರೆದಿಟ್ಟಿದೀಯ?”

“ಬರೆಯೋಕೆ ಬಂದ್ರಲ್ವಾ ಸಾಬ್? ಇನ್ನೂರು ಹೆಂಗಸರ ಕೈ ಅಳತೆ ತಲೇಲಿದೆ. ಹದಿನಾಲ್ಕು ನಂಬರ್ ಏನು ಭಾರ?”

“ಹೂವಪ್ಪನದು ಹೇಳು, ನೋಡೋಣ.”

ಸರ್ವರ್ ಬೀ ಅವರನ್ನು ಒಂದು ಥರ ಮರುಕದಿಂದ ನೋಡಿದಳು. “ಬ್ಯಾಂಕಿನೋರು ಕೇಳಿದ್ರೂ ಹೇಳಬೇಡಿ ಅಂತ ಆ ಡಬ್ಬದ ಮೇಲೇ ಬರೆದಿದೆಯಂತೆ. ನಮ್ಮ ಮೊಮ್ಮಗಳು ಇರಂ ಓದಿ ಹೇಳಿದಾಳೆ. ನೀವೇ ಕೇಳಿದ್ರೆ ಹೆಂಗೆ?”

ಆ ಸಾಲನ್ನು ಶಿವಮೊಗ್ಗದ ಕಚೇರಿಯಲ್ಲಿ ಕೂತು ಕನ್ನಡಕ್ಕೆ ತಂದವರು ನರಸಿಂಹಮೂರ್ತಿಗಳೇ. ಅದನ್ನು ಯಾರಾದರೂ ಪಾಲಿಸುತ್ತಾರೆಂದು ಅವರಿಗೆ ಅಂದಾಜಿರಲಿಲ್ಲ. ಕೆಮ್ಮಿ, ಮುಂದಿನ ಪ್ರಶ್ನೆಗೆ ಹೋದರು: ತೆಗೆದ ದುಡ್ಡು ಅವರವರಿಗೇ ಸೇರಿದ್ದಕ್ಕೆ ಗುರುತೇನು?

ಗುರುತು ಬಳೆಯಲ್ಲಿತ್ತು. ಒಬ್ಬೊಬ್ಬರ ನೋಟನ್ನೂ ಮಿಷನ್ನಿನ ಚೀಟಿಯಲ್ಲೇ ಸುತ್ತಿ ದಾರ ಕಟ್ಟಿ, ಆ ದಾರಕ್ಕೆ ಆ ಮನೆಯ ಹೆಂಗಸಿನ ಅಳತೆಯ ಒಂದು ಬಳೆ ಪೋಣಿಸುತ್ತಿದ್ದಳು. ಮನೆ ಬಾಗಿಲಲ್ಲಿ ಮೊದಲು ಬಳೆ ಆ ಕೈಗೆ ಸರಿಯಾಗಿ ಏರಬೇಕು, ಆಮೇಲೆ ಗಂಟು. ಬಳೆಗೆ ಕಾಸಿಲ್ಲ. ಗಂಡ ಹೋದ ಮೇಲೆ ಗಾಜಿನ ಬಳೆ ಬಿಟ್ಟ ಸೀತಾಲಕ್ಷ್ಮಮ್ಮನ ಗಂಟಿಗೆ ಬರೀ ದಾರ. ಬಳೆಯಿಲ್ಲದ ಗಂಟು ಒಂದೇ ಆದ್ದರಿಂದ ಅದೂ ತಪ್ಪುವಂತಿರಲಿಲ್ಲ.

ಚೀಟಿಗಳು ಬಂದವು. ಕ್ಯಾಲೆಂಡರಿನ ಹಿಂದಿನಿಂದ, ಅಕ್ಕಿ ಡಬ್ಬದಿಂದ, ಜೇಬಿನಿಂದ. ನರಸಿಂಹಮೂರ್ತಿಗಳು ಒಬ್ಬೊಬ್ಬರನ್ನೇ ಕರೆದು ಪಾಸ್‌ಬುಕ್ಕಿಗೆ ತಾಳೆ ನೋಡಿ, “ಪೂರ್ತಿ ಬಂತಾ?” ಎಂದು ಕೇಳಿ ರುಜು ಹಾಕಿಸಿಕೊಂಡರು. ಹದಿಮೂರು ಜನ ಮುಗಿಯಿತು. ಒಂದು ಪೈಸೆ ಆಚೀಚೆಯಿಲ್ಲ. ತಮ್ಮ ಕಚೇರಿಯ ಕ್ಯಾಷಿಯರುಗಳ ಮುಖ ಒಂದೊಂದಾಗಿ ನೆನಪಾಗಿ ಅವರಿಗೆ ಸಣ್ಣಗೆ ನಾಚಿಕೆಯಾಯಿತು.

ಹದಿನಾಲ್ಕನೆಯವನು ಬಂಗಾರಪ್ಪ.

“ಪೂರ್ತಿ ಬಂತಾ?”

ಬಂಗಾರಪ್ಪ ತಲೆ ಕೆರೆದುಕೊಂಡ. “ಸುಳ್ಳು ಹೇಳಬಾರದು. ಮಾರ್ಚಲ್ಲಿ ಮುನ್ನೂರು ಕಮ್ಮಿ ಬಂತು. ಕೇಳಿದ್ದಕ್ಕೆ, ದಾರೀಲಿ ಬೀಳಿಸ್ಕೊಂಡೆ, ತಿಂಗಳಿಗಿಷ್ಟು ಅಂತ ತೀರಿಸ್ತೀನಿ ಅಂದ್ಲು. ತೀರಿಸ್ತಾನೂ ಇದಾಳೆ. ಆದ್ರೂ ಕೇಳಿದ್ರಲ್ಲ ನೀವು.”

ನರಸಿಂಹಮೂರ್ತಿಗಳು ಪೆನ್ನು ಕೆಳಗಿಟ್ಟರು. ಮುನ್ನೂರಾದರೇನು, ಮೂರು ಲಕ್ಷವಾದರೇನು, ನಮೂನೆಯಲ್ಲಿ ಎರಡಕ್ಕೂ ಒಂದೇ ಕಾಲಂ.

“ಹೌದೇನಮ್ಮ?”

“ಹೌದು ಸಾಬ್.”

“ಎಲ್ಲಿ ಬೀಳಿಸ್ಕೊಂಡೆ?”

“ಬಿತ್ತು. ನಂದೇ ತಪ್ಪು. ಬರ್ಕೊಳ್ಳಿ.”

“ಬರೆದರೆ ಪೊಲೀಸಿಗೆ ಹೋಗತ್ತೆ ಕಣಮ್ಮ. ಗೊತ್ತಾಯ್ತಾ?”

“ಗೊತ್ತಾಯ್ತು.” ಬಳೆಯ ಗಂಟಿನ ಮೇಲಿದ್ದ ಕೈ ಬಿಗಿಯಾಯಿತು. ಬಾಯಿ ಅದಕ್ಕಿಂತ ಬಿಗಿಯಾಗಿತ್ತು.

ಹದಿಮೂರು ಮನೆಯ ಅರವತ್ತೈದು ಗಂಟುಗಳಲ್ಲಿ ಒಂದು ನೋಟನ್ನೂ ಬೀಳಿಸದವಳು ಇದೊಂದನ್ನು ಮಾತ್ರ ಬೀಳಿಸಿಕೊಂಡಳೆಂದರೆ ಬೆಂಗಳೂರಿನ ಕಂಪ್ಯೂಟರ್ ನಂಬೀತು, ನರಸಿಂಹಮೂರ್ತಿಗಳು ನಂಬಲಾರರು. ಗಡಿಯಾರ ನೋಡಿದರು. ಮೂರೂ ಕಾಲು.

“ಅವಳ್ಯಾಕೆ ಬೀಳಿಸ್ಕೊತಾಳೆ!” ಕಂಬದ ಹಿಂದಿನಿಂದ ಬಂಗಾರಪ್ಪನ ಹೆಂಡತಿ ಪದ್ಮಮ್ಮ ಎದ್ದುಬಂದಳು. “ಅದು ನಾನು ಇಸ್ಕೊಂಡಿದ್ದು.”

“ಪದ್ಮಮ್ಮಾ, ಸುಮ್ನಿರು ಮಾರಾಯ್ತಿ,” ಎಂದಳು ಸರ್ವರ್ ಬೀ.

“ನೀನು ಸುಮ್ನಿದ್ದಿದ್ದು ಸಾಕು! ಠಾಣೆಗೆ ಹೋಗೋಷ್ಟು ಸುಮ್ನಿರ್ತಾರಾ ಯಾರಾದ್ರೂ?” ಪದ್ಮಮ್ಮ ಗಂಡನ ಕಡೆ ತಿರುಗಲಿಲ್ಲ, ಅಧಿಕಾರಿಗೇ ಹೇಳಿದಳು. “ನಮ್ಮ ರಶ್ಮಿ ಹೆತ್ತಿದ್ಲು ಸಾರ್, ಶಿವಮೊಗ್ಗದಲ್ಲಿ. ಬೇರೆ ಜಾತಿಯೋನನ್ನ ಮದುವೆಯಾದ್ಲು ಅಂತ ಈ ಮನುಷ್ಯ ಅವಳ ಹೆಸರೆತ್ತಂಗಿಲ್ಲ ಅಂದಿದಾರೆ. ಮಗೂನ ಬರಿಗೈಲಿ ನೋಡಕ್ಕೆ ಹೋಗ್ಲಾ? ಬೆಳ್ಳಿ ಕಡಗ ತಗೊಂಡೆ. ಇವರಿಗೆ ಹೇಳಬೇಡ ಅಂತ ಇವಳ ಕೈಯಲ್ಲಿ ಆಣೆ ಹಾಕಿಸ್ಕೊಂಡಿದ್ದೆ. ತೀರಿಸ್ತಾ ಇದಾಳೆ ಅನ್ನೋದು ನಂಗೂ ಈಗ್ಲೇ ಗೊತ್ತಾಗಿದ್ದು.”

ಕುಲುಮೆಯ ಮುಂದೆ ನಿಂತವನು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡ. ಇಡೀ ಬ್ಯಾಂಕು, ಕ್ಯಾಷಿಯರನ್ನೂ ಸೇರಿಸಿ, ಅವನ ಬಾಯಿಯನ್ನೇ ನೋಡುತ್ತಿತ್ತು.

“ಗಂಡೋ, ಹೆಣ್ಣೋ?” ಎಂದ ಕೊನೆಗೆ.

“ಹೆಣ್ಣು.”

“ಹೂಂ.” ಅಧಿಕಾರಿಯ ಕಡೆ ತಿರುಗಿದ. “ಪೂರ್ತಿ ಬಂದಿದೆ ಸಾರ್. ಎಲ್ಲಿ ರುಜು ಹಾಕ್ಬೇಕು?”

ನಿಯಮದ ಪ್ರಕಾರ ಅದು ಪೂರ್ತಿ ಬಂದಂತಲ್ಲ. ಖಾತೆದಾರನ ದುಡ್ಡು ಹೆಂಡತಿಗೆ ಹೋಗಿದೆ. ಖಾತೆದಾರನಿಗೆ ಮೂರನೆಯವಳೊಬ್ಬಳು ಸ್ವಂತ ಜೇಬಿನಿಂದ ತುಂಬಿಕೊಡುತ್ತಿದ್ದಾಳೆ. ಇಂಥ ವಂಚನೆಗೆ ನಮೂನೆಯಲ್ಲಿ ಜಾಗವಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಯಾರಿಗೂ ಒಳ್ಳೆಯ ಮಾತು ಬರೆಯದ ನರಸಿಂಹಮೂರ್ತಿಗಳು ಎರಡು ಹಾಳೆ ಹರಿದುಹಾಕಿ, ಮೂರನೆಯದರಲ್ಲಿ ಬರೆದರು: “ವಂಚನೆ ಇಲ್ಲ. ಸದರಿ ಮಹಿಳೆಯ ಲೆಕ್ಕ ಈ ಶಾಖೆಯ ಲೆಕ್ಕಕ್ಕಿಂತ ಚೊಕ್ಕವಾಗಿದೆ. ಖಾತೆಗಳನ್ನು ಕೂಡಲೇ ತೆರೆಯತಕ್ಕದ್ದು.” ನಡುವಿನ ವಾಕ್ಯ ಓದಿ ಮ್ಯಾನೇಜರ್ ಮುಖ ಹುಳ್ಳಗಾಯಿತು. ಅದನ್ನು ಮಾತ್ರ ನರಸಿಂಹಮೂರ್ತಿಗಳು ಹೊಡೆದುಹಾಕಲಿಲ್ಲ.

ನಾಲ್ಕೂವರೆಗೆ ಬೆಂಗಳೂರು ಖಾತೆಗಳನ್ನು ಬಿಟ್ಟುಕೊಟ್ಟಿತು. ಒಂದೇ ಷರತ್ತು: ಇನ್ನು ಮೇಲೆ ಅವರವರ ಕಾರ್ಡು ಅವರವರ ಕೈಯಲ್ಲೇ, ಅದೂ ಹೊಸ ಪಿನ್ ನಂಬರಿನಲ್ಲಿ.

ನರಸಿಂಹಮೂರ್ತಿಗಳು ಬಸ್‌ಸ್ಟ್ಯಾಂಡಿಗೆ ಹೊರಟವರು ಎಟಿಎಂ ಮುಂದೆ ನಿಂತರು. ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು, ರಸ್ತೆ ನೋಡುತ್ತ, ಸರ್ವರ್ ಬೀ ಮೆಟ್ಟಿಲ ಮೇಲೆ ಕೂತಿದ್ದಳು. ಸಾಲಾಗಿ ನಿಂತ ಗ್ಯಾಂಗನ್ನು ಒಬ್ಬೊಬ್ಬರಂತೆ ಒಳಗೆ ಬಿಡುತ್ತಿದ್ದಳು. “ಕನ್ನಡಕ ಮೊದ್ಲು ಹಾಕ್ಕೊಳ್ಳಿ. ಆಮೇಲೆ ಕಾರ್ಡು. ಅದು ಕೂಗಿದ್ರೆ ಹೆದರಬೇಡಿ, ದುಡ್ಡು ಕೊಡೋವಾಗ ಎಲ್ರೂ ಕೂಗ್ತಾರೆ.”

ಒಳಗಿನಿಂದ ಹೂವಪ್ಪ ಉಬ್ಬಸದ ನಡುವೆಯೇ ಕೂಗಿದ: “ಬೀಯಮ್ಮಾ! ಹೊಸ ನಂಬರ್ ಹಾಕ್ದೆ ಕಣೆ! ನಾನು ಮರೆತುಹೋದ್ರೆ ನಿನಗಿರ್ಲಿ, ಕೇಳ್ಕೋ, ಎಂಟು...”

ಸರ್ವರ್ ಬೀ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಎದ್ದೇಬಿಟ್ಟಳು. “ಬೇಡ ಮಾರಾಯ! ನಂಗೆ ಕೇಳಿದ್ರೆ ಮರೆಯೋಕಾಗಲ್ಲ!”