ಸಾಹೇಬ ಬರೆದ ಮಾತು

ಎದೆಯ ತುಂಬ ಕಲ್ಲಿನ ಧೂಳು ಕೂತು ಬಂಗಾರದ ಗಣಿ ಬಿಟ್ಟ ದಿನ, ಸಾಹೇಬ ಕೆಲಸ ಮೆಚ್ಚಿ ಬರೆದುಕೊಟ್ಟ ಕಾಗದಕ್ಕೆ ಕೋದಂಡಪ್ಪ ಬಂಗಾರಪೇಟೆಯಲ್ಲಿ ಗಾಜು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದ. ಅದರಲ್ಲಿದ್ದ ‘ಟೈರ್‌ಲೆಸ್ಲಿ’ ಎಂಬ ಇಂಗ್ಲಿಷ್ ಮಾತಿಗೆ ‘ದಣಿವೇ ಇಲ್ಲದೆ’ ಎಂದರ್ಥ ಅಂತ ಮಗಳು ಸರಸ ಹೇಳಿಕೊಟ್ಟಿದ್ದಳು. ಬೀದಿ ನಲ್ಲಿಯ ತನಕ ಹೋಗಲು ಎರಡು ಸಲ ಕೂರುವ ಅಪ್ಪ, ಮನೆಗೆ ಬಂದವರಿಗೆಲ್ಲ ಅವಳಿಂದ ಆ ಮಾತನ್ನೇ ಓದಿಸುತ್ತಿದ್ದ.

ಗಣಿ ಕೂಲಿಗಳ ಮನೆಸಾಲಾದ ಆ ಲೈನಿನಲ್ಲಿ ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ. ಹೋದ ತಿಂಗಳು ಗಂಡನನ್ನು ಮಣ್ಣು ಮಾಡಿದ ಪಕ್ಕದ ಮನೆ ಪಾಪಕ್ಕ, ಅವನ ಬಗ್ಗೆ ಅದೇ ಸಾಹೇಬ ಬರೆದುಕೊಟ್ಟ ಕಾಗದ ಹಿಡಿದುಕೊಂಡು ಬಂದಳು. ಸರಸ ಮನಸ್ಸಿನಲ್ಲೇ ಓದಿಕೊಂಡಳು. ಹೆಸರೊಂದು ಬಿಟ್ಟರೆ ಸಾಲಿಗೆ ಸಾಲು ಅಪ್ಪನ ಕಾಗದವೇ.

“ಆ ಮಾತು ಐತೇನಮ್ಮಾ ಅದ್ರಲ್ಲಿ?” ಅಂತ ಮಂಚದಿಂದ ಅಪ್ಪ ಕೇಳಿದ.

ಸರಸ ಅವನ ಮುಖ ನೋಡಿದಳು. “ಇಲ್ಲಪ್ಪಾ. ಚೆನ್ನಾಗಿ ಕೆಲ್ಸ ಮಾಡಿದ್ರು ಅಂತ ಅಷ್ಟೇ ಬರ್ದವ್ರೆ.”

“ನಾನೇಳ್ಲಿಲ್ವಾ, ಅದನ್ನ ಎಲ್ಲಾರ್ಗೂ ಬರ್ಯೋದಿಲ್ಲ!” ಅಪ್ಪ ನಗಲು ಹೋಗಿ ಕೆಮ್ಮಿದ.

ಪಾಪಕ್ಕ ಕಾಗದ ಇಸಿದುಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಮ್ಮೋರೂ ಇಪ್ಪತ್ತು ವರ್ಸ ಒಳಕ್ಕೆ ಇಳಿದ್ರಲ್ಲಮ್ಮಾ,” ಎಂದಳು. “ಒಂದಿನಾನೂ ಸುಸ್ತು ಅನ್ಲಿಲ್ಲ.”