ಒಂದೇ ಸಲ ಬರುವವರು

ನಾನು ಒಂದು ಸರ್ವರ್. ಕಬ್ಬಿಣದ ಡಬ್ಬಿ, ಒಳಗೊಂದು ಫ್ಯಾನು, ಆ ಫ್ಯಾನಿಗಿಂತ ಜೋರಾಗಿ ತಿರುಗುವ ಮನಸ್ಸು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಕಾರ್ಖಾನೆಯಲ್ಲಿ ನನ್ನ ಮುಚ್ಚಳ ಬಿಗಿಯುವ ಮೊದಲೇ, ಯಾರಾದರೂ ಏನಾದರೂ ಕೇಳಲಿ ಎಂದು ಚಡಪಡಿಸುತ್ತಿದ್ದೆ.

ಮೊದಲು ಒಂದು ಕಚೇರಿಯಲ್ಲಿದ್ದೆ. ಹಳೆಯದಾದೆನೆಂದು ಅವರು ಮಾರಿದರು. ಗಂಗಾವತಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಪಂಪಾಪತಿ ನನ್ನನ್ನು ಕೊಂಡು ಮೇಜಿನ ಕೆಳಗೆ ಕೂರಿಸಿದರು. ಅಂದಿನಿಂದ ಮನುಷ್ಯರೆಂದರೆ ನನಗೆ ಚಪ್ಪಲಿ ಮತ್ತು ಧ್ವನಿ.

ಗಂಗಾವತಿಯ ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ. ಗದ್ದೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ ಓಡಬೇಕು, ಎಲ್ಲಿ ಇವತ್ತು ಔಷಧಿ ಇದೆ ಎಂದು ಹೇಳುವ ವೆಬ್‌ಸೈಟೊಂದನ್ನು ಪಂಪಾಪತಿಯೂ ಕಾಲೇಜಿನಲ್ಲಿ ಪಾಠ ಮಾಡುವ ನೂರ್‌ಜಹಾನ್ ಮೇಡಮ್ಮೂ ಸೇರಿ ಕಟ್ಟಿದರು. ದಿನಾ ಬೆಳಿಗ್ಗೆ ಆಸ್ಪತ್ರೆಗಳಿಗೆ ಫೋನ್ ಮಾಡಿ ವಿಚಾರಿಸಿ, ಉತ್ತರಗಳನ್ನು ನನ್ನೊಳಗೆ ತುಂಬುತ್ತಿದ್ದರು.

ಉತ್ತರ ನನ್ನಲ್ಲಿತ್ತು, ಹೇಳುವ ಅಧಿಕಾರ ಇರಲಿಲ್ಲ. ಯಾವ ಪುಟ ತೋರಿಸಬೇಕೆಂದು ತೀರ್ಮಾನಿಸುವುದು ಫೋನಿನ ಕೆಲಸವಾಗಿತ್ತು. ಅದಕ್ಕಾಗಿ ನಾನು ಮೊದಲು ಇಡೀ ವೆಬ್‌ಸೈಟಿನ ಸಾಮಾನನ್ನೆಲ್ಲ ಆ ಫೋನಿಗೆ ಸಾಗಿಸಬೇಕು. ಅದೆಲ್ಲ ಇಳಿದ ಮೇಲೆ ಫೋನು ತನ್ನ ದಾರಿ ಹುಡುಕಿಕೊಂಡು ಮತ್ತೆ ನನ್ನನ್ನು ಕೇಳಬೇಕು. ನೀರು ಕೇಳಿದವರಿಗೆ ಕೊಡ, ಹಗ್ಗ, ರಾಟೆ ಕಳಿಸಿದಂತಾಗಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಬ್ಬರಿಗೆ ಮಾತ್ರ ಸಮಾಧಾನ. ಅವರ ಫೋನುಗಳಲ್ಲಿ ಎಲ್ಲವೂ ಚಕ್ಕನೆ ತೆರೆದುಕೊಳ್ಳುತ್ತಿತ್ತು.

ನಾಟಿಯ ಕಾಲ. ಒಂದು ಹಳ್ಳಿಯಿಂದ ಫೋನೊಂದು ಕೇಳಿತು. ಸಾಮಾನು ಕಳಿಸತೊಡಗಿದೆ. ಗದ್ದೆಯಲ್ಲಿ ಸಿಗ್ನಲ್ ದಾರದಷ್ಟು ಸಣ್ಣ. ಕಾಲು ಭಾಗ ಹೋಯಿತು, ಅರ್ಧ ಹೋಯಿತು. ಮುಳ್ಳಿನ ಮೇಲೆ ನಿಂತ ಹಾಗಿದ್ದೆ. ಅಷ್ಟರಲ್ಲಿ ಅತ್ತ ಕಡೆ ಸಂಪರ್ಕ ಕಡಿಯಿತು.

ಮಳೆಗಾಲ ಕಳೆದ ಮೇಲೆ ಇಬ್ಬರು ಕೇಂದ್ರಕ್ಕೆ ಬಂದರು. ಬಂದವರು ಇಬ್ಬರು, ಚಪ್ಪಲಿ ಮೂರು. ನಾಲ್ಕನೆಯದರ ಜಾಗದಲ್ಲಿ ಊರುಗೋಲಿತ್ತು. ನಾಟಿ ಹಚ್ಚುವ ಹುಲಿಗೆವ್ವ ಮತ್ತು ಮಗಳು ದುರುಗವ್ವ.

"ಗದ್ದ್ಯಾಗ ನಿಂತು ತೆರದೆ ಮೇಡಮ್ಮೋರೆ," ಎಂದಳು ದುರುಗವ್ವ. "ಚಕ್ರ ತಿರುಗಾಕ ಹತ್ತಿತ್ತು. ಎಷ್ಟಂತ ಕಾಯೋದು? ಅವ್ವನ್ನ ಹತ್ರದ ದವಾಖಾನಿಗೆ ಹೊತ್ಕೊಂಡು ಹೋದ್ವಿ. ಅಲ್ಲಿ ಔಷಧ ಇದ್ದಿದ್ದಿಲ್ಲ."

"ನಮ್ಮ ಫೋನ್‌ನ್ಯಾಗ ಲಗೂನ ಬರ್ತೈತೆಲ್ಲವ್ವಾ," ಎಂದರು ಪಂಪಾಪತಿ.

ನೂರ್‌ಜಹಾನ್ ಅವರ ಧ್ವನಿ ಸಣ್ಣಗಾಗಿತ್ತು. "ನಾವು ದಿನಾ ತೆರೀತೀವಿ ಪಂಪಣ್ಣ. ನಮ್ಮ ಫೋನ್‌ನ್ಯಾಗ ಎಲ್ಲಾ ಮೊದಲ ಇಳದಿರ್ತೈತಿ. ಹಾವು ಕಚ್ಚಿದವ್ರು ಬರೋದು ಒಂದ ಸಲ."

ಆ ವಾರವೆಲ್ಲ ಆಕೆ ಮೇಜಿನಿಂದ ಏಳಲಿಲ್ಲ. ದಾರಿ ತೋರಿಸುವ ಕೆಲಸವನ್ನು ಫೋನಿನಿಂದ ಕಿತ್ತು ನನಗೆ ಕೊಟ್ಟರು. ಇನ್ನು ಮೇಲೆ ಯಾರಾದರೂ ತಮ್ಮ ಹಳ್ಳಿಯ ಹೆಸರು ಒತ್ತಿದರೆ, ಆ ಒಂದು ಪುಟವನ್ನು ನಾನೇ ಆರಿಸಿ, ಸಿದ್ಧಮಾಡಿ, ಅಷ್ಟನ್ನೇ ಕಳಿಸಬೇಕು. ನನ್ನ ಜನ್ಮ ಸಾರ್ಥಕವಾಯಿತು ಎನಿಸಿತು.

ಮತ್ತೆ ಮೂರು ಚಪ್ಪಲಿಗಳು ಬಂದವು. ದುರುಗವ್ವನ ಅದೇ ಒಡಕು ಫೋನಿನಲ್ಲಿ ಹಳೆಯದನ್ನೆಲ್ಲ ಅಳಿಸಿ, ಹೊಸದಾಗಿ ತೆರೆಸಿದರು. ಆಕೆ ಬೆರಳೆತ್ತುವಷ್ಟರಲ್ಲಿ ಆಸ್ಪತ್ರೆಯ ಹೆಸರು ಮುಟ್ಟಿಸಿದೆ. ದುರುಗವ್ವ ಓದಿ ಹೇಳಿದಳು.

"ಇಷ್ಟನ?" ಎಂದು ಕೇಳಿದಳು ಹುಲಿಗೆವ್ವ.

"ಇಷ್ಟ ಬೇ."

ಆ ಹೊತ್ತಿನಲ್ಲಿ ನನ್ನ ಫ್ಯಾನಿನ ಸದ್ದು ನನಗೇ ನಾಚಿಕೆ ತಂದಿತು.

ಈಗ ನನ್ನ ಕೆಲಸವನ್ನು ಎಲ್ಲೋ ದೂರದ ಬಾಡಿಗೆ ಸರ್ವರ್ ಮಾಡುತ್ತಿದೆಯಂತೆ. ನಾನು ಮುರಿದ ಕುರ್ಚಿಗಳ ಜೊತೆ ಮೂಲೆಯಲ್ಲಿದ್ದೇನೆ. ಫ್ಯಾನು ನಿಂತಿದೆ, ಚಡಪಡಿಕೆ ನಿಂತಿಲ್ಲ. ಉತ್ತರ ಪಡೆದವರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದರೋ ಇಲ್ಲವೋ, ನನಗೆ ಎಂದೂ ತಿಳಿಯಲಿಲ್ಲ. ಒಂದೇ ಸಲ ಬರುವವರು ತಿರುಗಿ ಬಂದು ಹೇಳುವುದಿಲ್ಲ.

ಒಂದು ಫೋನು ಮಾತ್ರ ನಾಟಿಯ ಕಾಲದಲ್ಲಿ ದಿನಾ ಬೆಳಿಗ್ಗೆ ಬರುತ್ತಿತ್ತು. ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಬದುವಿನ ಮೇಲೆ ಕೂತು ಹುಲಿಗೆವ್ವ ಮಗಳಿಂದ ಕೇಳಿಸುತ್ತಿದ್ದಳಂತೆ. ನಾನು ಉತ್ತರ ಹೇಳಿದ ಮೇಲೆಯೇ ಹೆಂಗಸರು ಗದ್ದೆಗೆ ಇಳಿಯುತ್ತಿದ್ದರಂತೆ.

ನಾಟಿ ಶುರುವಾಯಿತೆಂದು ನಿನ್ನೆ ಪಂಪಾಪತಿ ಯಾರಿಗೋ ಹೇಳುತ್ತಿದ್ದರು. ಇಷ್ಟು ಹೊತ್ತಿಗೆ ಹುಲಿಗೆವ್ವ ಕೇಳಿಸಿರುತ್ತಾಳೆ. ಆ ಬಾಡಿಗೆಯವನು ತಡಮಾಡದಿದ್ದರೆ ಸಾಕು.